ಎರಡು ಚೀಟಿ

ಅರವತ್ತಮೂರು ಹೆಂಗಸರು, ಅರವತ್ತಮೂರು ಚೀಟಿ.
ಇಳಿತ ಮುಗಿದು ಅಳಿವೆಗೆ ನೀರು ಮರಳುವಾಗ
ಮೊಣಕಾಲುದ್ದದ ರಬ್ಬರ್ ಬೂಟು ಬಡಿಯುತ್ತ ಬರುತ್ತಾರೆ,
ಬಲೆಚೀಲದ ಕಪ್ಪೆಚಿಪ್ಪು ತಕ್ಕಡಿಗೆ ಸುರಿದು
ತೂಕದ ಚೀಟಿ ನನ್ನ ಕಿಟಕಿಯಲ್ಲಿ ತೂರಿಸಿ ಹೋಗುತ್ತಾರೆ.
ಒದ್ದೆ ಚೀಟಿ. ಶಾಯಿ ಹರಡಿ
ಏಳು ಒಂದಾಗಿ, ಒಂದು ಉಪ್ಪಿನ ಕಲೆಯಾಗಿ.

ಇಪ್ಪತ್ತೆರಡು ವರ್ಷ ನಾನು, ಸಂಘದ ಗುಮಾಸ್ತೆ ದೊಸಿಂದಾ,
ಆ ಅಂಕಿಗಳನ್ನು ಪಟ್ಟಿಗೆ ಏರಿಸಿದೆ,
ಪಟ್ಟಿಯಿಂದ ಹರಾಜಿಗೆ, ಹರಾಜಿನಿಂದ ಬ್ಯಾಂಕಿಗೆ,
ಆಮೇಲೆ ಒಬ್ಬೊಬ್ಬಳ ಫೋನಿಗೂ:
ಇಂದು ಇಷ್ಟು ಕಿಲೊ, ಇಷ್ಟು ಯೂರೊ, ನಾಳೆ ಇಳಿತ ಇಷ್ಟು ಗಂಟೆಗೆ.
ಕನಸಿನಲ್ಲೂ ನಕಲು ಮಾಡಿ ಅಂಟಿಸುತ್ತಿದ್ದೆ.
ಒಮ್ಮೆ ನಿದ್ದೆಗಣ್ಣಲ್ಲಿ ಗಂಡನ ಬೆನ್ನ ಮೇಲೆ
ಮೊತ್ತ ಒತ್ತಿದೆನಂತೆ.
ಎಷ್ಟಾಯಿತು ಎಂದು ಕೇಳಿದನಂತೆ ಅವನು.

ಈ ಫೆಬ್ರವರಿಯಲ್ಲಿ ಹರಾಜುಕಟ್ಟೆಯ ಉಶೀಯೊ ತೋರಿಸಿಕೊಟ್ಟ:
ಕೋಡು ಗೀಡು ಏನೂ ಬೇಡ ಮಾರಾಯ್ತಿ,
ಒಂದು ಚೌಕ ಎಳೆದು ಇಲ್ಲಿಡು, ಇನ್ನೊಂದು ಅಲ್ಲಿಡು,
ನಡುವೆ ಗೆರೆ. ಕಸೂತಿ ಬರುತ್ತದಲ್ಲ ನಿನಗೆ?
ಬರುತ್ತದೆ. ಬಂತು.
ಮೊದಲ ಚೌಕ: ಚೀಟಿಯ ಫೋಟೊ ಬಂದರೆ.
ಎರಡನೆಯದು: ಓದು.
(ಓದುವ ಕಣ್ಣು ನನ್ನ ಕನ್ನಡಕಕ್ಕಿಂತ ಚುರುಕು;
ಫ್ಲೋರಿಂದಾಳ ಒಂಬತ್ತನ್ನು ಮಾತ್ರ ಮೊದಲ ವಾರ ಗಾಳ ಎಂದಿತು.)
ಮೂರು, ಪಟ್ಟಿ. ನಾಲ್ಕು, ಸಂದೇಶ.
ಎಲ್ಲ ನಮ್ಮ ಮಾತಿನಲ್ಲೇ ಬರೆದೆ,
ಮನೆಗೆ ಹೊಸದಾಗಿ ಬಂದ ಹುಡುಗಿಗೆ ಕೆಲಸ ಹೇಳಿದಂತೆ.

ಮೂರು ಗಂಟೆಯ ಕೆಲಸ ಹನ್ನೊಂದು ನಿಮಿಷ.
ಮೊದಲ ದಿನ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.
ಕಿಟಕಿ ಒರೆಸಿದೆ. ಹೊರಗೆ ಸಮುದ್ರ ಇತ್ತು.

ಹತ್ತನೆಯ ದಿನ ಅದು ಕೇಳಿತು, ತುಂಬ ಮರ್ಯಾದೆಯಿಂದ:
"ಎರುಂದಿನಾ, ಬಾಲ್ಬಿನಾ. ಇಬ್ಬರ ತೂಕ
ಒಂಬತ್ತು ದಿನವೂ ಗ್ರಾಂ ತಪ್ಪದೆ ಒಂದೇ.
ನಮೂದು ತಪ್ಪಾಗಿರಬಹುದೇ?
ಕಾರಣವಿದ್ದರೆ ಒಂದು ವಾಕ್ಯದಲ್ಲಿ ತಿಳಿಸಿ,
ಮುಂದೆ ಕೇಳುವುದಿಲ್ಲ."

ತಪ್ಪಲ್ಲ.
ಬಾಲ್ಬಿನಾಳ ಸೊಂಟ ಹೋಗಿ ನಾಲ್ಕು ಚಳಿಗಾಲ.
ಬೂಟು ತೊಟ್ಟು ಬರುತ್ತಾಳೆ, ಹಲುಬೆ ಊರಿ ನಿಲ್ಲುತ್ತಾಳೆ,
ಬಗ್ಗುವವಳು ಎರುಂದಿನಾ.
ತಕ್ಕಡಿಗೆ ಮೊದಲು, ಬಂಡೆಯ ಮರೆಯಲ್ಲಿ
ಒಂದು ಚೀಲ ಎರಡಾಗುತ್ತದೆ.
ಅವರಿಬ್ಬರೂ ಮಾತು ಬಿಟ್ಟು ಹದಿನಾರು ವರ್ಷ,
ಯಾವುದೋ ಗೋಡೆ, ಗೋಡೆ ದಾಟಿದ ಅಂಜೂರದ ಕೊಂಬೆ.
ಮಾತು ಇಲ್ಲ, ಪಾಲು ಇದೆ.
ಉಳಿದ ಅರವತ್ತೊಂದು ಹೆಂಗಸರಿಗೂ ಗೊತ್ತು.
ತಕ್ಕಡಿಯ ಹುಡುಗನಿಗೆ ಗೊತ್ತು. ಪಾದ್ರಿಗೂ.
ಯಾರೂ ಆಡಿಲ್ಲ. ಆಡಿದರೆ
ಕಾಯಿದೆಯ ಬಾಯಿಗೆ ಬಿದ್ದೀತು:
ಅಗೆಯದವಳಿಗೆ ಪರವಾನಗಿ ಇಲ್ಲ.

ಖಾಲಿ ಚೌಕದಲ್ಲಿ ಕಡ್ಡಿಯೊಂದು ಮಿನುಗುತ್ತ ಕಾಯುತ್ತಿತ್ತು.
ಬರೆದೆ: ಅವರು ಗೆಳತಿಯರು. ಸುಳ್ಳು. ಅಳಿಸಿದೆ.
ಬರೆದೆ: ಒಬ್ಬಳಿಗೆ ಕೈಲಾಗದು. ನಿಜ. ಅದಕ್ಕೇ ಅಳಿಸಿದೆ.
ಬರೆದೆ: ಕೇಳಬೇಡ.
"ಆಗಲಿ. ಕಾರಣ: ಕೇಳಬಾರದು. ದಾಖಲಿಸಿದ್ದೇನೆ."
ದಾಖಲಿಸಿದೆಯಾ, ಪುಣ್ಯಾತ್ಮ!
ದಾಖಲಾದದ್ದನ್ನು ಇನ್‌ಸ್ಪೆಕ್ಟರು
ಕಾಫಿ ಹೀರುತ್ತ ಓದುತ್ತಾರೆ.
ಅದನ್ನೂ ಅಳಿಸಿದೆ.

ಈಗ ಅರವತ್ತೊಂದು ಚೀಟಿ ಚೌಕಗಳ ಪಾಲಿಗೆ,
ಎರಡು ನನ್ನ ಪಾಲಿಗೆ.
ಹೀಟರಿನ ಮೇಲೆ ಒಣಗಿಸಿ, ಕನ್ನಡಕ ಮೂಗಿಗೇರಿಸಿ
ಕೈಯಾರೆ ತುಂಬುತ್ತೇನೆ.
ಪಟ್ಟಿ ನೋಡುವ ಕಣ್ಣಿಗೆ ಸಂಶಯ ಬಾರದ ಹಾಗೆ
ಬಾಲ್ಬಿನಾಳದರಿಂದ ನಲವತ್ತು ಗ್ರಾಂ ತೆಗೆದು
ಎರುಂದಿನಾಳದಕ್ಕೆ ಸೇರಿಸಿ,
ಮರುದಿನ ಅದಲು ಬದಲು.
ತಿಂಗಳ ಕೊನೆಗೆ ಇಬ್ಬರಿಗೂ ಸಮ.
ಎಂಟು ನಿಮಿಷ ಹಿಡಿಯುತ್ತದೆ.

ನಿನ್ನೆ ಬಾಲ್ಬಿನಾ ಕಿಟಕಿಗೆ ಮುಖವಿಟ್ಟಳು:
"ಸಂದೇಶದಲ್ಲಿ ನಲವತ್ತು ಗ್ರಾಂ ಕಮ್ಮಿ ಬಂದಿದೆ."
ತಕ್ಕಡಿ ಒದ್ದೆಯಿತ್ತೇನೋ, ಅಂದೆ.
ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು,
ಚೌಕಗಳು, ಗೆರೆಗಳು.
"ಅವಳಿಗೆ ಹೋಗಿದ್ದರೆ ಹೋಗಲಿ ಬಿಡು" ಅಂದು,
ಹೆಸರು ಹೇಳದೆ,
ಹಲುಬೆ ಊರಿಕೊಂಡು ಹೊರಟಳು.